ಕೋಳಿಯ ಕಾಳು, ನಮ್ಮ ತಟ್ಟೆ

ಮಕ್ಕಳಿಗೆ ಮೊಟ್ಟೆ ಬಡಿಸುವಾಗ, ಕೋಳಿ ಏನು ತಿಂದಿತ್ತೆಂದು ನಾವು ಕೇಳುವುದು ಅಪರೂಪ. ಕಾಳು, ಮೀನುಪುಡಿ, ನೀರು, ಮಣ್ಣು ಇವುಗಳ ಮೂಲಕ ಪಾದರಸ, ಸೀಸದಂಥ ಲೋಹಗಳು ಹಕ್ಕಿಯ ಒಡಲು ಸೇರಬಹುದು. ಅಲ್ಲಿಂದ ಮೊಟ್ಟೆಗೂ ಇಳಿಯಬಹುದು. ಆಹಾರದಲ್ಲಿ ಬೇರೇನಾದರೂ ಬೆರೆಸಿ ಈ ವಿಷವನ್ನು ತಗ್ಗಿಸಲಾದೀತೆ?

ಸ್ವಲ್ಪಮಟ್ಟಿಗೆ ಆದೀತು. 1972ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದುಂಟು. ಜಪಾನೀ ಲಾವಕ್ಕಿಗಳಿಗೆ ಹತ್ತು ಲಕ್ಷಕ್ಕೆ 20 ಭಾಗದಷ್ಟು ಪಾದರಸವನ್ನು ಮೀಥೈಲ್ ರೂಪದಲ್ಲಿ ಉಣಿಸಿದರು. ಕೆಲವಕ್ಕೆ ಮುಸುಕಿನಜೋಳ, ಸೋಯಾ ಮಾತ್ರ. ಉಳಿದವುಗಳ ಆಹಾರದಲ್ಲಿ ನೂರಕ್ಕೆ 17 ಪಾಲು ಟ್ಯೂನಾ ಮೀನು. ಮೀನು ತಿಂದವೇ ಹೆಚ್ಚು ಕಾಲ ಬದುಕಿದವು. ಆ ಮೀನಿನಲ್ಲಿ ಸೆಲೆನಿಯಮ್ ಉಂಟು. ಅಷ್ಟೇ ಸೆಲೆನಿಯಮ್ಮನ್ನು ಇಲಿಗಳಿಗೆ ಕೊಟ್ಟಾಗಲೂ ವಿಷದ ಹಾವಳಿ ತಗ್ಗಿತು. ಅದು ಪಾದರಸವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಹಾಗೆಂದು ಹಿಗ್ಗುವಂತಿಲ್ಲ. 1930ರ ದಶಕದಲ್ಲಿ ಅದೇ ದೇಶದ ದಕ್ಷಿಣ ಡಕೋಟಾದಲ್ಲಿ, ಸೆಲೆನಿಯಮ್ ಹೆಚ್ಚಿದ್ದ ನೆಲದ ಕಾಳು ತಿಂದ ಕೋಳಿಗಳ ಮೊಟ್ಟೆಗಳು ಮರಿಯಾಗಲಿಲ್ಲ. ಒಳಗಿನ ಪಿಂಡಗಳು ವಿಕಾರವಾಗಿದ್ದವು. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ಅಲ್ಲದೆ, ಲಾವಕ್ಕಿ ಹೆಚ್ಚು ದಿನ ಬದುಕಿತೆಂದರೆ ಅದರ ಮೈಯ ಪಾದರಸವೆಲ್ಲ ಹೋಯಿತೆಂದು ಅರ್ಥವಲ್ಲ. ಹಕ್ಕಿ ಉಳಿದೀತು, ಅದರ ಮೊಟ್ಟೆ, ಮಾಂಸ ತಿನ್ನುವವರು ನಾವಲ್ಲವೆ? ಆದುದರಿಂದ ಮೊದಲ ಕೆಲಸ ವಿಷ ಒಳಹೋಗದಂತೆ ತಡೆಯುವುದು. ಊರಿನ ಹಿತ್ತಲಲ್ಲಿ ಕೋಳಿ ಸಾಕುವ ಬಂಧುಗಳಿಗೆ ಮುಂದಿನ ಕಾಗದದಲ್ಲಿ ಎರಡು ಸಾಲು ಬರೆಯೋಣ: ಮದ್ದಿನ ಪೊಟ್ಟಣ ಬಿಚ್ಚುವ ಮೊದಲು ಕಾಳಿನ ಚೀಲವನ್ನೂ ನೀರಿನ ತೊಟ್ಟಿಯನ್ನೂ ನೋಡಿರಿ.