ಗ್ಲೌಸ್ ಕೊಟ್ಟಿದ್ದಕ್ಕೆ ಸಹಿ ಇದೆ, ಟೆಸ್ಟ್ ಮಾಡಿದ್ದಕ್ಕೆ?

ಕಳೆದ ಮಳೆಗಾಲ. ಹೊನ್ನಾವರದ ಅಪ್ಸರಕೊಂಡದಲ್ಲಿ ಗಾಳಿಮರ ಬಿದ್ದು ಲೈನ್ ಕಡಿದಿತ್ತು. ಕಂಬದಿಂದ ಬರಿಗೈಯಲ್ಲಿ ಇಳಿದ ಗುತ್ತಿಗೆ ಕೆಲಸಗಾರನಿಗೆ ಗ್ಲೌಸ್ ಎಲ್ಲಿ ಅಂತ ಕೇಳಿದೆ. "ಕೊಟ್ಟಿದ್ರು ಮಾರಾಯ್ರೆ, ಸಹಿನೂ ಹಾಕಿಸ್ಕಂಡಿದ್ರು. ಒಂದ್ ಬೆರಳು ಸೀಳೋಗದೆ" ಅಂದ.

ಆ ಸಹಿಯ ಬಗ್ಗೆ ಮಾತಾಡೋಣ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು (2023ರಲ್ಲಿ ಇವುಗಳ ಜಾಗಕ್ಕೆ ಹೊಸವು ಬಂದಿವೆ) ಗ್ಲೌಸ್, ರಬ್ಬರ್ ಬೂಟು, ಸೇಫ್ಟಿ ಬೆಲ್ಟ್, ಹೆಲ್ಮೆಟ್ ಕೊಟ್ಟರೆ ಸಾಕು ಅನ್ನಲಿಲ್ಲ. ಅವು ಸುಸ್ಥಿತಿಯಲ್ಲೂ ಇರಬೇಕು ಅಂದವು. ಕೊಟ್ಟಿದ್ದಕ್ಕೆ ಸಹಿ ಸಾಕ್ಷಿ. ಸುಸ್ಥಿತಿಗೆ ಯಾವುದು?

ನಾನು ಇಇಇ ಓದಿದವನು, ನನಗೂ ರಬ್ಬರ್ ಗ್ಲೌಸನ್ನು ಬರೀ ನೋಡಿ ಒಳ್ಳೆಯದೋ ಕೆಟ್ಟದ್ದೋ ಹೇಳೋಕಾಗಲ್ಲ. ಸೂಜಿಮೊನೆಯಷ್ಟು ತೂತು ಸಾಕು. ಬೈಕ್ ಡಿಕ್ಕಿಯ ಬಿಸಿ, ಎಣ್ಣೆ ರಬ್ಬರನ್ನು ನಿಧಾನಕ್ಕೆ ತಿನ್ನುತ್ತವೆ. ಅದಕ್ಕೇ ಅಮೆರಿಕದ ಓಶಾ ನಿಯಮದಲ್ಲಿ ಗ್ಲೌಸಿಗೆ 6 ತಿಂಗಳಿಗೊಮ್ಮೆ ವೋಲ್ಟೇಜ್ ಟೆಸ್ಟ್ ಇದೆ. ಪ್ರತಿದಿನ ಬಳಸುವ ಮೊದಲು ಗಾಳಿ ತುಂಬಿಸಿ ನೋಡಬೇಕು. ಯಾವ ಗ್ಲೌಸ್, ಯಾವತ್ತು ಟೆಸ್ಟ್ ಆಯ್ತು ಅಂತ ಮಾಲೀಕ ಬರೆದು ದೃಢೀಕರಿಸಬೇಕು. ಅಲ್ಲಿ ಕಾಗದ ಮಾಲೀಕನನ್ನು ಕಟ್ಟಿಹಾಕುತ್ತೆ. ನಮ್ಮ ಸಹಿ ಕೆಲಸಗಾರನನ್ನು ಕಟ್ಟಿಹಾಕುತ್ತೆ: 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಅಡಿ ವಿಚಾರಣೆ ನಡೆದಾಗ, "ಕೊಟ್ಟಿದ್ವಿ, ಅವನೇ ಹಾಕ್ಕೊಳ್ಳಲಿಲ್ಲ" ಅನ್ನೋಕೆ ಅದೊಂದು ಸಹಿ ಸಾಕು.

"ಲೈನ್ ಕ್ಲಿಯರ್ ತಗೊಂಡ್ಮೇಲೆ ಗ್ಲೌಸ್ ಯಾಕೆ?" ಅನ್ನುವವರಿದ್ದಾರೆ. ಕರೆಂಟ್ ಹೋದ ಕೂಡಲೇ ಹೋಂಸ್ಟೇಗಳ ಜನರೇಟರ್ ಶುರುವಾಗುತ್ತಲ್ಲ, ಅದಕ್ಕೆ. ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಆ 415 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹೋಗಿ, ಸತ್ತಿದೆ ಅಂದುಕೊಂಡ ಲೈನಿನಲ್ಲಿ 11 ಸಾವಿರ ವೋಲ್ಟ್ ಆಗುತ್ತೆ. ಕೆಲಸದ ಜಾಗದಲ್ಲೇ ಲೈನನ್ನು ಅರ್ಥ್ ಮಾಡಬೇಕು ಅನ್ನೋದು ಇದಕ್ಕೇ. ಅರ್ಥಿಂಗ್ ರಾಡ್ ಇದೆಯಾ ಅಂತಲೂ ಕೇಳಿದ್ದೆ, ಆತ ನಕ್ಕ.

ಕಾಗದಪತ್ರ ಅಂದ್ರೆ ನಮ್ಮ ಇಂಜಿನಿಯರುಗಳಿಗೆ ಅಲರ್ಜಿ. ನನಗೆ ಇಲ್ಲಿ ಇನ್ನೂ ಒಂದು ಕಾಗದ ಬೇಕು: ಪ್ರತಿ ಜೋಡಿ ಗ್ಲೌಸಿನ ನಂಬರ್, ಟೆಸ್ಟ್ ದಿನಾಂಕ, ಟೆಸ್ಟ್ ಮಾಡಿದವರ ಸಹಿ, ಗುತ್ತಿಗೆದಾರರ ಆಳುಗಳಿಗೆ ಕೊಟ್ಟವೂ ಸೇರಿ. ಹೆಸ್ಕಾಂನ ನಿಮ್ಮ ಉಪವಿಭಾಗಕ್ಕೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಇದನ್ನೇ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿಗೆ 150 ಪದಗಳ ಮಿತಿ ಇದೆ. ಈ ಪ್ರಶ್ನೆಗೆ ಇಪ್ಪತ್ತೂ ಬೇಡ.