ಫ್ಯೂಸ್ ಹೋದ್ರೆ ಬೈಬೇಡಿ ಸ್ವಾಮೀ...

ಕಳೆದ ವಾರ ಊರಿಗೆ ಹೋದಾಗ ಸುಮ್ನೆ ಅಪ್ಪನ ಕಾರಿನ ಫ್ಯೂಸ್ ಬಾಕ್ಸ್ ತೆಗೆದು ನೋಡಿದೆ. 10 ಆಂಪ್‌ನ ಕೆಂಪು ಫ್ಯೂಸ್ ಇರಬೇಕಾದ ಜಾಗದಲ್ಲಿ ಹಸಿರು ಕೂತಿತ್ತು. ಹಸಿರು ಅಂದ್ರೆ 30 ಆಂಪ್!

"ಫಾಗ್ ಲ್ಯಾಂಪ್ ಹಾಕ್ಸಿದ ಮೇಲೆ ಪದೇ ಪದೇ ಫ್ಯೂಸ್ ಹೋಗ್ತಿತ್ತು ಕಣೋ. ಅಂಗಡಿಯವ್ನು ಸರಿ ಮಾಡ್ಕೊಟ್ಟ. ಆಮೇಲೆ ಒಂದ್ಸಲಾನೂ ಹೋಗಿಲ್ಲ" ಅಂದ್ರು ಅಪ್ಪ, ಖುಷಿಯಾಗಿ.

ಹೇಗೆ ಹೋಗುತ್ತೆ ಹೇಳಿ? ಇನ್ನು ಹೋಗೋದು ವೈರು.

ನಮ್ಮಲ್ಲಿ ಬಹಳ ಜನ ಫ್ಯೂಸ್ ಇರೋದು ಬಲ್ಬ್ ಕಾಪಾಡೋಕೆ ಅಂದ್ಕೊಂಡಿದಾರೆ. ಅಲ್ಲ. ಅದಿರೋದು ವೈರ್ ಕಾಪಾಡೋಕೆ. ಲೆಕ್ಕ ಸುಲಭ. 55 ವ್ಯಾಟ್‌ನ ಎರಡು ಫಾಗ್ ಲ್ಯಾಂಪ್ ಅಂದ್ರೆ 110 ವ್ಯಾಟ್, 12 ವೋಲ್ಟ್‌ಗೆ ಸುಮಾರು 9 ಆಂಪ್. ಅಂಗಡಿಯವನು ಇದನ್ನ ಹೆಡ್‌ಲೈಟ್ ವೈರಿಗೇ ಕಟ್ಟಿದ್ದ. ಹೆಡ್‌ಲೈಟಿನ ಬಲ್ಬ್ ಆಗಲೇ 5 ಆಂಪ್ ಎಳೀತಿದೆ. ಒಟ್ಟು 14. ಕೆಂಪು ಫ್ಯೂಸ್ "ನನ್ನ ಕೈಲಾಗಲ್ಲ" ಅಂತ ಸರಿಯಾಗೇ ಹೇಳ್ತಿತ್ತು. ಇವನು ಅದರ ಬಾಯಿ ಮುಚ್ಚಿಸಿದ.

ತಂತಿಯ ಬಿಸಿ ಕರೆಂಟಿನ ವರ್ಗದಷ್ಟು ಏರುತ್ತೆ. ನಾಳೆ ಎಲ್ಲೋ ಇನ್ಸುಲೇಷನ್ ಸವೆದು 25 ಆಂಪ್ ಹರಿದ್ರೂ ಹಸಿರು ಫ್ಯೂಸ್ ಸುಮ್ನಿರುತ್ತೆ. ಆದ್ರೆ ತಂತಿಯಲ್ಲಿ ಹುಟ್ಟೋ ಬಿಸಿ, 10 ಆಂಪ್ ಹರಿಯೋವಾಗಿನ ಆರು ಪಟ್ಟು! ಅದೂ ಡ್ಯಾಶ್‌ಬೋರ್ಡ್ ಹಿಂದೆ, ಪ್ಲಾಸ್ಟಿಕ್ಕಿನ ಮಧ್ಯೆ, ಅಪ್ಪ ಅಮ್ಮ ಕೂತಿರೋ ಕಾರಲ್ಲಿ.

"ರಾತ್ರಿ ಶಿರಾಡಿ ಘಾಟಿಯಲ್ಲಿ ಫ್ಯೂಸ್ ಹೋಗಿ ಹೆಡ್‌ಲೈಟ್ ಆರಿದ್ರೆ ಏನ್ಮಾಡ್ಲಿ?" ಅಂತ ಅಪ್ಪ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಹೆಡ್‌ಲೈಟ್ ವೈರ್ ಮುಟ್ಟಬಾರದು. ಬ್ಯಾಟರಿಯಿಂದ ಬೇರೆಯೇ ದಪ್ಪ ವೈರ್ ಎಳೀಬೇಕು, ಬ್ಯಾಟರಿ ಪಕ್ಕದಲ್ಲೇ 15 ಆಂಪ್‌ನ ನೀಲಿ ಫ್ಯೂಸ್ ಹಾಕ್ಬೇಕು, ಮಧ್ಯೆ ಒಂದು ರಿಲೇ. ಆಗ ಡ್ಯಾಶ್‌ಬೋರ್ಡಿನ ಸ್ವಿಚ್ಚಲ್ಲಿ ರಿಲೇ ಎಳೆಯೋವಷ್ಟು ಚೂರು ಕರೆಂಟ್ ಮಾತ್ರ. ಫ್ಯೂಸ್ ಹೋದ್ರೂ ಫಾಗ್ ಲ್ಯಾಂಪ್ ಆರುತ್ತೆ, ಹೆಡ್‌ಲೈಟ್ ಉರೀತಾನೇ ಇರುತ್ತೆ.

ಅಂಗಡಿಯವನನ್ನ ಕೇಳಿದ್ರೆ "ಇಪ್ಪತ್ತು ವರ್ಷದಿಂದ ಹಿಂಗೇ ಮಾಡ್ತಿದೀನಿ ಸಾರ್, ಏನೂ ಆಗಿಲ್ಲ" ಅಂದ. ಬೆಂಕಿ ಹತ್ತಿದ ಕಾರಿನವರು ಇವನ ಹತ್ರ ವಾಪಸ್ ಬಂದು ಫೀಡ್‌ಬ್ಯಾಕ್ ಕೊಡ್ತಾರಾ?

ಬೈಯೋಕೆ ನಮಗೂ ಪೂರ್ತಿ ಹಕ್ಕಿಲ್ಲ ಬಿಡಿ. ಎರರ್ ಬಂತು ಅಂತ ಖಾಲಿ ಕ್ಯಾಚ್ ಬ್ಲಾಕ್ ಬರೆದು ಮನೆಗೆ ಹೋಗೋ ನಾವು ಮಾಡೋದೂ ಇದನ್ನೇ. ಮನೆ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತೋರದ್ದೂ ಇದೇ ಜಾತಿ. ತೊಂದರೆ ಇದೆ ಅನ್ನೋ ಸುದ್ದಿ ನಿಂತ್ರೆ ತೊಂದರೇನೇ ನಿಂತಂಗೆ ನಮಗೆ!

ಅಪ್ಪನ ಕಾರಿಗೆ ಆವತ್ತೇ ಕೆಂಪು ಫ್ಯೂಸ್ ಹಾಕಿ, ಫಾಗ್ ಲ್ಯಾಂಪ್ ವೈರ್ ಕಿತ್ತಿಟ್ಟು ಬಂದೆ. ರಿಲೇ ಮುಂದಿನ ವಾರ. ಈ ಭಾನುವಾರ ನಿಮ್ಮ ಗಾಡಿಯದ್ದೂ ಮುಚ್ಚಳ ತೆಗೆದು, ಬರೆದಿರೋ ನಂಬರಿಗೂ ಕೂತಿರೋ ಬಣ್ಣಕ್ಕೂ ತಾಳೆ ಇದೆಯಾ ನೋಡಿ. ಏನು ಸಿಕ್ತು ಅಂತ ನನಗೂ ಹೇಳಿ :)