ಮನಶ್ಶಾಸ್ತ್ರ ಓದಿದವರೆಲ್ಲ ಆಸ್ಪತ್ರೆಗೇ ಹೋಗಬೇಕಿಲ್ಲ



ಪಿಯುಸಿ ಫಲಿತಾಂಶ ಬಂದ ಮೇಲೆ ದೊಡ್ಡಬಳ್ಳಾಪುರ, ನೆಲಮಂಗಲ ಕಡೆಯ ತಂದೆತಾಯಿಗಳು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಈಚೆಗೆ ಒಂದು ಹೊಸದು ಸೇರಿದೆ. "ಮಗಳು ಸೈಕಾಲಜಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಅದನ್ನ ಓದಿ ನಿಮ್ಹಾನ್ಸ್‌ನಲ್ಲಿ ಹುಚ್ಚರ ಮಧ್ಯೆ ಕೂರಬೇಕಾ?" ಈ ಪ್ರಶ್ನೆಯೊಳಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಮನಸ್ಸಿನ ಕಾಯಿಲೆಯವರನ್ನು ಹುಚ್ಚರೆಂದು ದೂರವಿಡುವುದು ಒಂದು; ಅದಕ್ಕೆ ಬೇರೆಯದೇ ಲೇಖನ ಬೇಕು. ಮನಶ್ಶಾಸ್ತ್ರವೆಂದರೆ ಚಿಕಿತ್ಸೆ ಮಾತ್ರ ಎಂಬುದು ಇನ್ನೊಂದು. ಇಂದು ಅದರ ಬಗ್ಗೆ ಎರಡು ಮಾತು.

ನಮ್ಮ ನಾಡಿನಲ್ಲಿ ಈ ಶಾಸ್ತ್ರ ಬೇರು ಬಿಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕಾಲೇಜಿನಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಪ್ರಸಾರ ಯಂತ್ರವಿಟ್ಟು ಬಾನುಲಿ ಕೇಂದ್ರ ನಡೆಸಿದರು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು.

ಮಗ್ಗದ ಸದ್ದಿನಲ್ಲೇ ಬೆಳೆದ ದೊಡ್ಡಬಳ್ಳಾಪುರದವರಿಗೆ ಅಹಮದಾಬಾದಿನ ಒಂದು ಸಂಗತಿ ಹೇಳಬೇಕು. 1953ರಲ್ಲಿ ಅಲ್ಲಿನ ಕ್ಯಾಲಿಕೊ ಮಿಲ್ಲಿನವರು ಒಂದು ಶೆಡ್ಡಿನಲ್ಲಿ 224 ಸ್ವಯಂಚಾಲಿತ ಮಗ್ಗ ಹಾಕಿದ್ದರು. ಯಂತ್ರ ಹೊಸದು, ಕೆಲಸಗಾರರೂ ನುರಿತವರು, ಆದರೂ ಬಟ್ಟೆ ನಿರೀಕ್ಷಿಸಿದಷ್ಟು ಬರಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಬಂದು ನೋಡಿದರು. ಅಲ್ಲಿದ್ದ 29 ಜನಕ್ಕೆ ಹನ್ನೆರಡು ಬಗೆಯ ಕೆಲಸ ಹಂಚಿದ್ದರು. ನೇಯುವವನು ಬೇರೆ, ಲಾಳಿಗೆ ನೂಲು ತುಂಬುವವನು ಬೇರೆ, ಎಣ್ಣೆ ಬಿಡುವವನು ಬೇರೆ. ಯಾರು ಯಾರ ಜೊತೆಗಾರರು ಎಂಬುದೇ ಗೊತ್ತಿಲ್ಲದ ಗೊಂದಲ. ಒಂದಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪಿಗೆ ಪೂರ್ತಿಯಾಗಿ ಒಪ್ಪಿಸಿದರೆ ಹೇಗೆ ಎಂದು ರೈಸ್ ಸೂಚಿಸಿದರು. ಗುಂಪು ಕಟ್ಟಿಕೊಳ್ಳುವ ಕೆಲಸವನ್ನು ಕಾರ್ಮಿಕರೇ ಕೈಗೆತ್ತಿಕೊಂಡರು. ಆರಂಭದಲ್ಲಿ ತೊಡಕುಗಳಾದರೂ ಆಮೇಲೆ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ಒಂದು ಹೊಸ ಮಗ್ಗವನ್ನೂ ತಂದಿರಲಿಲ್ಲ. ಕಾಯಕ ಮಾಡುವವನಿಗೆ ಅದು ತನ್ನದು ಅನ್ನಿಸಬೇಕು ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಅಲ್ಲಿ ಅದನ್ನು ಅಳೆದು ತೋರಿಸಿದರು. ಅದೇ ಊರಿನ ಜವಳಿ ಸಂಶೋಧನಾ ಸಂಸ್ಥೆಯಲ್ಲಿ ಮಿಲ್ ಕಾರ್ಮಿಕರ ಮನೋಭಾವ ಅಧ್ಯಯನ ಮಾಡಿದ ಕಮಲಾ ಚೌಧರಿ ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು. ಮುಂದೆ ಅವರು ಅಹಮದಾಬಾದಿನ ಐಐಎಂ ಕಟ್ಟಿದವರಲ್ಲಿ ಒಬ್ಬರಾದರು.

ಈಗ ನಮ್ಮ ಜಿಲ್ಲೆ ನೋಡಿ. 'ಬೆಂಗಳೂರು ಉತ್ತರ' ಎಂದು ಹೆಸರಿಡಲು ಸಚಿವ ಸಂಪುಟ 2025ರ ಜುಲೈನಲ್ಲಿ ತೀರ್ಮಾನಿಸಿತು. ಹೆಸರಿಗಿಂತ ಮೊದಲೇ ಇಲ್ಲಿನ ಬದುಕು ಬದಲಾಗಿದೆ. ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂತು, ಈಗ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಬಂದಿದೆ. ಹೊಸಕೋಟೆ, ದಾಬಸ್‌ಪೇಟೆ ತುಂಬ ಕಾರ್ಖಾನೆಗಳು. ಊರು ಬಿಟ್ಟು ಬಂದ ಹೆಣ್ಣುಮಕ್ಕಳು ಹಾಸ್ಟೆಲಿನಲ್ಲಿದ್ದು ಪಾಳಿಯಲ್ಲಿ ದುಡಿಯುತ್ತಾರೆ. ಸೇರಿದವರು ಮೂರೇ ತಿಂಗಳಿಗೆ ಯಾಕೆ ಬಿಟ್ಟು ಹೋಗುತ್ತಾರೆ, ಸೂಪರ್‌ವೈಸರ್ ಬೈದರೆ ಕೆಲಸ ಚುರುಕಾಗುತ್ತದೋ ಕೆಡುತ್ತದೋ, ರಾತ್ರಿ ಪಾಳಿಯಲ್ಲಿ ಕಣ್ಣು ಯಾವ ಹೊತ್ತಿಗೆ ಸೋಲುತ್ತದೆ, ಗುಂಡಿ ಎಲ್ಲಿದ್ದರೆ ಕೈ ತಪ್ಪುವುದಿಲ್ಲ? ಇವೆಲ್ಲ ಅನ್ವಯಿಕ ಮನಶ್ಶಾಸ್ತ್ರದ ಪ್ರಶ್ನೆಗಳೇ.

ಕಾರ್ಖಾನೆಯೊಂದೇ ಅಲ್ಲ. ಸೇನಾಧಿಕಾರಿಗಳ ಆಯ್ಕೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಚಿತ್ರ ತೋರಿಸಿ ಕಥೆ ಬರೆಸಿ ಅಭ್ಯರ್ಥಿಯನ್ನು ಅಳೆಯುವವರು ಅಲ್ಲಿನ ಮನಶ್ಶಾಸ್ತ್ರಜ್ಞರು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯತ್ವಕ್ಕೆ 2015ರ ಬಾಲನ್ಯಾಯ ಕಾಯ್ದೆ ಹೇಳುವ ಅರ್ಹತೆಗಳಲ್ಲಿ ಮಕ್ಕಳ ಮನಶ್ಶಾಸ್ತ್ರದ ಪದವಿಯೂ ಇದೆ.

ಇಷ್ಟು ಕೇಳಿ ಯಾರೂ ಅವಸರದಿಂದ ಫೀಸು ಕಟ್ಟಬಾರದು. ಬಿ.ಎ. ಅಥವಾ ಎಂ.ಎ. ಆದ ಮಾತ್ರಕ್ಕೆ ರೋಗಿಗಳಿಗೆ ಚಿಕಿತ್ಸೆ ಕೊಡುವಂತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಲು ಅದಕ್ಕೆಂದೇ ಇರುವ ತರಬೇತಿ ಮತ್ತು ನೋಂದಣಿ ಬೇಕು. ಶನಿವಾರ-ಭಾನುವಾರದ ಕೋರ್ಸಿಗೆ ಸಾವಿರಾರು ರೂಪಾಯಿ ಪಡೆದು 'ಥೆರಪಿಸ್ಟ್' ಎಂದು ಸರ್ಟಿಫಿಕೇಟ್ ಕೊಡುವವರಿಂದ ದೂರವಿರಿ. ಅಂಚೆ ಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಮನಶ್ಶಾಸ್ತ್ರ ಕಲಿಸುವುದನ್ನು ನಿಲ್ಲಿಸಲು ಯುಜಿಸಿ 2025ರಲ್ಲಿ ಸೂಚಿಸಿದೆ. ಸೀಟು ಖಾಲಿ ಇದೆ ಎಂದು ಯಾರಾದರೂ ಫೋನ್ ಮಾಡಿದರೆ ಇದು ನೆನಪಿರಲಿ.

ಇನ್ನೊಂದು ಎಚ್ಚರಿಕೆ ವಿದ್ಯಾರ್ಥಿಗಳಿಗೆ. ಮುಖ ನೋಡಿ ಮನಸ್ಸು ಓದುವುದನ್ನು ಇಲ್ಲಿ ಕಲಿಸುವುದಿಲ್ಲ, ಕಲಿಸುವುದು ಸಂಖ್ಯಾಶಾಸ್ತ್ರ. ಲೆಕ್ಕ ತಪ್ಪಿಸಿಕೊಳ್ಳಲೆಂದು ಕಲಾ ವಿಭಾಗಕ್ಕೆ ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ! ಆಸ್ಪತ್ರೆಯ ಹೊರಗಿನ ಕೆಲಸಗಳಲ್ಲಂತೂ ಅಂಕಿಅಂಶ ಬಿಡಿಸಬಲ್ಲವರಿಗೇ ಮೊದಲ ಬೆಲೆ. ಸೇರುವ ಮೊದಲು ಪಠ್ಯಕ್ರಮ ತರಿಸಿಕೊಂಡು ಸಂಖ್ಯಾಶಾಸ್ತ್ರ, ಪರೀಕ್ಷೆ ರೂಪಿಸುವ ವಿಧಾನ, ಕ್ಷೇತ್ರಕಾರ್ಯ ಎಷ್ಟಿದೆ ನೋಡಿ.

ಹಳ್ಳಿಯ ಮಕ್ಕಳ ಬಳಿ ಪೇಟೆಯವರಲ್ಲಿ ಎಷ್ಟೋ ಮಂದಿಗೆ ಇಲ್ಲದ ಒಂದು ಬಂಡವಾಳವಿದೆ: ಜನರ ಕನ್ನಡ. ಪ್ರಶ್ನಾವಳಿಗಳು ಹೆಚ್ಚಾಗಿ ಇಂಗ್ಲಿಷಿನಿಂದ ಬಂದವು. ಅನುವಾದದಲ್ಲಿ 'ನಿಮಗೆ ಬೇಜಾರಾಗುತ್ತದೆಯೇ' ಎಂದಿದ್ದರೆ ಒಬ್ಬಳು ದುಃಖಕ್ಕೆ ಹೌದು ಎನ್ನುತ್ತಾಳೆ, ಒಬ್ಬಳು ಹೊತ್ತು ಹೋಗದ್ದಕ್ಕೆ, ಮತ್ತೊಬ್ಬಳು ಯಾರದೋ ಮಾತು ನೊಯಿಸಿದ್ದಕ್ಕೆ. ಮೂರನ್ನೂ ಒಂದೇ ಅಂಕವಾಗಿ ಎಣಿಸಿದರೆ ವರದಿ ಸುಳ್ಳಾಗುತ್ತದೆ. ಈ ವ್ಯತ್ಯಾಸ ಹಿಡಿಯಲು ದೊಡ್ಡಬಳ್ಳಾಪುರದ ನೇಕಾರರ ಮಗಳಿಗೆ ನಿಘಂಟು ಬೇಕಾಗುವುದಿಲ್ಲ.

ಕೊನೆಗೆ, ವಿದ್ಯಾಸಂಸ್ಥೆ ನಡೆಸುವ ಮಠಗಳ ಪೂಜ್ಯರಲ್ಲಿ ಒಂದು ವಿನಂತಿ. ಶಾಲೆಗಳು ಸಮಾಲೋಚಕರನ್ನು ನೇಮಿಸಬೇಕೆಂದು ಸಿಬಿಎಸ್‌ಇ ತನ್ನ ನಿಯಮದಲ್ಲೇ ಬರೆದಿದೆ. ನಮ್ಮ ಪ್ರಸಾದ ನಿಲಯಗಳಲ್ಲಿ ನೂರಾರು ಮಕ್ಕಳ ಓದಿನ ಗೊಂದಲ, ಮನೆಯ ನೆನಪು, ಪರೀಕ್ಷೆಯ ಭಯ ಎಲ್ಲವೂ ಒಬ್ಬ ವಾರ್ಡನ್ ತಲೆಯ ಮೇಲಿದೆ. ಅವರಿಗೆ ಅಡುಗೆಮನೆಯ ದಿನಸಿ ಲೆಕ್ಕವೂ ಇದೆ. ಓದು ಮುಗಿಸಿ ಬರುವ ಈ ಹೆಣ್ಣುಮಕ್ಕಳಿಗೆ ಗೌರವಧನವಲ್ಲ, ತಿಂಗಳ ಸಂಬಳದ ಒಂದು ಹುದ್ದೆ ಬೇಕು. ಮುಂದಿನ ಕಟ್ಟಡಕ್ಕೆ ದೇಣಿಗೆ ಪಟ್ಟಿ ಮಾಡುವಾಗ ಮೂರು ವರ್ಷದ ಆ ಸಂಬಳವನ್ನೂ ಅದರಲ್ಲಿ ಬರೆಸಬೇಕಾಗಿ ಕೋರುತ್ತೇನೆ.